ಸೀಗಡಿ ತೊಟ್ಟಿಯ ನೀರು

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸಿಲು ದಾಟಿದ್ದಿಲ್ಲ. ಅಂಥ ಮನೆಯ ಹಾಲಿನಲ್ಲಿ, ದೇವರ ಗೂಡಿಗೆ ಎದುರಾಗಿ, ಸೀಗಡಿಗಳು ಸಂಸಾರ ಹೂಡಿದವು. ತಂದವರು ನನ್ನ ಯಜಮಾನರು. ರಾಮನಗರದ ಪೇಟೆಯಲ್ಲಿ ಅವರದ್ದು ಪಂಪು, ಪೈಪು, ಮೋಟರು ಮಾರುವ ಅಂಗಡಿ. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಾಗ ಫೋನು ನೋಡಿ ನೋಡಿ ಈ ಹುಚ್ಚು ಹಿಡಿಸಿಕೊಂಡರು. ಕೊರೊನಾ ಹೋಯಿತು, ಹುಚ್ಚು ಉಳಿಯಿತು. ಬಂದ ನೆಂಟರಿಗೆಲ್ಲ "ಇದು ತಿನ್ನೋಕಲ್ಲ, ನೋಡೋಕೆ" ಎಂದು ಸಮಜಾಯಿಷಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಸುಳ್ಳು ಯಾಕೆ ಹೇಳಲಿ, ನೋಡಲು ಚೆನ್ನಾಗಿಯೇ ಇದ್ದವು. ಭತ್ತದ ಕಾಳಿಗಿಂತ ತುಸು ಉದ್ದ, ಕುಂಕುಮದ ಬಣ್ಣ. ಸದಾ ಏನನ್ನೋ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಲೇ ಇರುತ್ತಿದ್ದವು, ಸಂತೆ ಮುಗಿದ ಮೇಲೆ ಬಿದ್ದ ಕಾಳು ಆಯುವ ಹೆಂಗಸರ ಹಾಗೆ. ಕಾಫಿ ಲೋಟ ಹಿಡಿದು ನಾನೂ ಎಷ್ಟೋ ಬೆಳಿಗ್ಗೆ ಆ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದೇನೆ. ಅಷ್ಟು ಸಣ್ಣ ಜೀವ ಎಷ್ಟು ಕಸ ಮಾಡಬಲ್ಲದು ಎಂದು ಯಾರಾದರೂ ಕೇಳಿದ್ದರೆ ಆಗ ನಕ್ಕುಬಿಡುತ್ತಿದ್ದೆ.

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಪಾರ್ಸೆಲ್‌ಗಳು ಬರತೊಡಗಿದ ಮೇಲೆ. ಸೀಗಡಿ ಎಲ್ಲೋ ದೂರದ ಊರಿನಿಂದ ಕೊರಿಯರಿನಲ್ಲಿ ಬರುತ್ತಿತ್ತು. ಹೊರಗೆ ರಟ್ಟಿನ ಡಬ್ಬ, ಅದರೊಳಗೆ ಥರ್ಮೋಕೋಲ್ ಡಬ್ಬ, ಅದರೊಳಗೆ ಪೇಪರು, ಐಸಿನ ಪೊಟ್ಟಣ, ಒಂದರೊಳಗೊಂದು ಹಾಕಿದ ದಪ್ಪ ಪ್ಲಾಸ್ಟಿಕ್ ಚೀಲಗಳು, ಕಟ್ಟಕಡೆಗೆ ಒಂದು ಲೋಟ ನೀರಿನಲ್ಲಿ ಉಗುರಿನಷ್ಟುದ್ದದ ಜೀವಗಳು. ಅವುಗಳಲ್ಲೂ ಕೆಲವು ದಾರಿಯಲ್ಲೇ ಸತ್ತಿರುತ್ತಿದ್ದವು. ಸತ್ತವುಗಳ ಬದಲಿಗೆ ಇನ್ನೊಂದು ಪಾರ್ಸೆಲ್ ಬರುತ್ತಿತ್ತು, ಅದೇ ಡಬ್ಬ, ಅದೇ ಚೀಲ.

ಆಮೇಲೆ ಮಣ್ಣು. ನಮ್ಮೂರಿನ ಮಣ್ಣು ಆಗದು. ಬೇರೆ ದೇಶದಲ್ಲಿ ಸುಟ್ಟು ಗುಳಿಗೆ ಮಾಡಿದ ಕಪ್ಪು ಮಣ್ಣು ಬೇಕು. ಅದಕ್ಕೆ ಆಯಸ್ಸು ಬೇರೆ. ವರ್ಷ ಕಳೆಯುತ್ತಿದ್ದಂತೆ ಅದರ ಶಕ್ತಿ ಮುಗಿದು ಎಸೆಯಬೇಕು. ಮಣ್ಣೂ ಸಾಯುತ್ತದೆ ಎಂದು ರೈತರ ಮನೆಯಲ್ಲಿ ಹುಟ್ಟಿದ ನಾನು ಕಲಿತದ್ದು ಪೇಟೆಯ ಮನೆಯಲ್ಲಿ. ನೀರಿನದು ಇನ್ನೂ ದೊಡ್ಡ ರಾಮಾಯಣ. ನಲ್ಲಿ ನೀರು ಒಗ್ಗುವುದಿಲ್ಲ, ಫಿಲ್ಟರ್ ನೀರೇ ಆಗಬೇಕು. ಆ ಫಿಲ್ಟರು ಒಂದು ಬಿಂದಿಗೆ ಕೊಡಬೇಕಾದರೆ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಕಳಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಉಪ್ಪು ತೆಗೆದ ನೀರಿಗೆ ಮತ್ತೆ ಡಬ್ಬಿಯಿಂದ ಉಪ್ಪಿನ ಪುಡಿ ಹಾಕಿ ಕಲಕುತ್ತಿದ್ದರು. "ತೆಗೆಯೋದು ಯಾಕೆ, ಹಾಕೋದು ಯಾಕೆ?" ಎಂದರೆ "ನಿಂಗೆ ಗೊತ್ತಾಗಲ್ಲ ಕಣೆ, ಅದು ಬೇರೆ ಉಪ್ಪು" ಎನ್ನುತ್ತಿದ್ದರು.

ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೋದ ಹೆಂಗಸಿಗೆ ನಮ್ಮ ಮನೆ ಎಂದರೆ ತಲೆನೋವಾಯಿತು. ಹಸಿ ಕಸ, ಒಣ ಕಸ ಎಂದು ನಾನು ಶಿಸ್ತಾಗಿ ಬೇರೆ ಮಾಡಿ ಕೊಡುವವಳು. ಥರ್ಮೋಕೋಲ್ ಡಬ್ಬವನ್ನು ನೋಡಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಇದ ಯಾರೂ ತಕ್ಕಳಲ್ಲ ಅಕ್ಕ. ಗುಜರಿಯವ್ರೂ ಬ್ಯಾಡ ಅಂತಾರೆ. ನೀವೇ ಮಡಗ್ಕಳಿ" ಎಂದಳು. ಮಡಗಿಕೊಂಡೆವು. ತಾರಸಿಯ ಮೂಲೆಯಲ್ಲಿ ಡಬ್ಬಗಳ ಗೋಪುರ ಎದ್ದಿತು. ಬಿಸಿಲಿಗೆ ಒಣಗಿ ಪುಡಿಯಾಗಿ, ಗಾಳಿ ಬೀಸಿದಾಗಲೆಲ್ಲ ಬಿಳಿ ಕಾಳು ಅಕ್ಕಪಕ್ಕದವರ ಅಂಗಳಕ್ಕೆ ಉದುರುತ್ತಿತ್ತು. ಪಕ್ಕದ ಮನೆಯವರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ತಪ್ಪು ಅವರದ್ದಲ್ಲ.

ಇಷ್ಟಾದರೂ ಇದು ನಮ್ಮ ಮನೆಯೊಳಗಿನ ಜಗಳವಾಗಿಯೇ ಉಳಿಯುತ್ತಿತ್ತು. ಅದು ನನ್ನ ತವರಿಗೆ ದಾಟಿದ್ದು ಒಂದು ಎಲೆಯ ದೆಸೆಯಿಂದ.

ನನ್ನ ತವರು ಕೈಲಾಂಚದ ಕಡೆ, ಬಂಡೆಗಳ ಕೆಳಗಿನ ಒಂದು ಹಳ್ಳಿ. ಅಣ್ಣ ಅತ್ತಿಗೆ ರೇಷ್ಮೆ ಹುಳು ಸಾಕುತ್ತಾರೆ. ಹುಳು ತಿನ್ನುವ ಹಿಪ್ಪುನೇರಳೆ ಎಲೆಯನ್ನು ನಮ್ಮ ಕಡೆ ಬರೀ ಸೊಪ್ಪು ಎನ್ನುತ್ತಾರೆ. ಮಿಕ್ಕ ಸೊಪ್ಪುಗಳನ್ನು ಮಾತ್ರ ಹೆಸರು ಹಿಡಿದು ಹೇಳಬೇಕು. ಒಂದು ದಿನ ಯಜಮಾನರು ಫೋನು ಹಿಡಿದುಕೊಂಡು ಅಡುಗೆಮನೆಗೇ ಬಂದರು. ಸೀಗಡಿಗೆ ಹಿಪ್ಪುನೇರಳೆ ಎಲೆ ಎಂದರೆ ಪ್ರಾಣವಂತೆ. ಜನ ಒಣಗಿಸಿ ಪೊಟ್ಟಣ ಕಟ್ಟಿ ಮಾರುತ್ತಾರಂತೆ. "ರೇಷ್ಮೆ ಜಿಲ್ಲೇಲಿ ಕೂತ್ಕೊಂಡು ನಾನು ಎಲೆಗೆ ಆರ್ಡರ್ ಹಾಕೋಕೆ ಹೊರಟಿದ್ದೆ ನೋಡು" ಎಂದು ತಮ್ಮನ್ನು ತಾವೇ ಬೈದುಕೊಂಡರು. ಔಷಧಿ ಹೊಡೆಯದ ಸೊಪ್ಪು ಬೇಕಿತ್ತು. ಹುಳು ಸಾಕುವವರಿಗಿಂತ ಚೊಕ್ಕಟ ಸೊಪ್ಪು ಯಾರ ಹತ್ತಿರ ಸಿಗುತ್ತದೆ?

ಅತ್ತಿಗೆ ಮುಚ್ಚಳವಿರುವ ಒಂದು ಪೇಂಟ್ ಬಕೆಟ್ಟಿನ ತುಂಬ ಸೊಪ್ಪು ತುಂಬಿಕೊಂಡು ಬಸ್ಸಿನಲ್ಲಿ ತಂದಳು. ಅವಳು ನನ್ನದೇ ವಯಸ್ಸಿನವಳು, ನಮ್ಮಿಬ್ಬರಲ್ಲಿ ಹೋಗು ಬಾ ಎನ್ನುವ ಸಲಿಗೆ. ಸೀಗಡಿಯನ್ನು ಅವಳು ಆವರೆಗೆ ನೋಡಿರಲಿಲ್ಲ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಹಾಕಿದಳು. ನಾಲ್ಕೂ ಕಡೆಯಿಂದ ಬಂದು ಮುತ್ತಿಕೊಂಡವು. ತಳದಲ್ಲಿ ಅವು ಕಳಚಿ ಬಿಟ್ಟಿದ್ದ ಪೊರೆಗಳು ಗಾಜಿನ ಹಾಗೆ ಬಿದ್ದಿದ್ದವು. ರೇಷ್ಮೆ ಹುಳುವೂ ಹಾಗೆಯೇ ಮೇವು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ; ಆ ಮಲಗುವುದನ್ನು ನಮ್ಮವರು ಜ್ವರ ಎನ್ನುತ್ತಾರೆ.

"ಇವ್ಕೂ ಜ್ವರ ಬತ್ತದಾ?" ಎಂದು ಅತ್ತಿಗೆ ಕಣ್ಣರಳಿಸಿ ಕೇಳಿದಳು.

"ತಿಂಗಳಿಗೊಂದು ಸಲ ಪೊರೆ ಬಿಡ್ತವೆ" ಎಂದರು ಯಜಮಾನರು.

"ಪಾಪ, ಒಸಿ ಜಾಸ್ತಿನೇ ಆಯ್ತು ಬುಡಿ" ಎಂದಳು. ಅಂದಿನಿಂದ ಸೀಗಡಿಗಳು ಅವಳಿಗೆ ಬಳಗವಾದವು. ಪೇಟೆಗೆ ಬಂದಾಗಲೆಲ್ಲ ನನ್ನನ್ನು ಮಾತಾಡಿಸುವ ಮೊದಲು ಅವನ್ನು ಮಾತಾಡಿಸುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಹುಳು ಸಾಕುವವರ ಮನೆಯಲ್ಲಿ ಕಸ ಎಂಬ ಪದಾರ್ಥವೇ ಇಲ್ಲ. ಹುಳು ತಿಂದು ಬಿಟ್ಟ ಕಡ್ಡಿ ಒಲೆಗೆ, ಮಿಕ್ಕ ಎಲೆ ಹಸುವಿಗೆ, ಹಿಕ್ಕೆ ತಿಪ್ಪೆಗೆ, ತಿಪ್ಪೆ ತೋಟಕ್ಕೆ, ತೋಟದಿಂದ ಮತ್ತೆ ಸೊಪ್ಪು. ಈ ಸುತ್ತಿನಲ್ಲಿ ಬೆಳೆದ ಕಣ್ಣಿಗೆ, ಯಜಮಾನರು ತೊಟ್ಟಿಯ ಹಳೇ ನೀರನ್ನು ಪೈಪಿನಲ್ಲಿ ಎಳೆದು ಮೋರಿಗೆ ಬಿಡುತ್ತಿದ್ದದ್ದು ಬಿತ್ತು. ಅತ್ತಿಗೆ ಎದೆ ಬಡಿದುಕೊಳ್ಳುವುದೊಂದು ಬಾಕಿ.

"ಇದು ಹಿಕ್ಕೆ ನೀರಲ್ವಾ? ಇಂಥ ಗೊಬ್ಬರವ ಮೋರಿಗೆ ಉಯ್ತಿದ್ದೀರಲ್ಲ, ಕೈ ಹೆಂಗ್ ಬತ್ತದೆ ನಿಮ್ಗೆ?"

ನಮ್ಮಲ್ಲಿ ಒಂದು ಪದ್ಧತಿ ಉಂಟು. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು. ಸಾರು ಬಂದ ಪಾತ್ರೆಯಲ್ಲಿ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಸೊಪ್ಪು ತಂದ ಬಕೆಟ್ಟಿಗೆ ಅದಕ್ಕೆ ಮುಂಚೆ ನಾನು ಬಾಳೆಹಣ್ಣೋ ಬಿಸ್ಕತ್ತೋ ಹಾಕಿ ಕಳಿಸುತ್ತಿದ್ದೆ. ಅಂದಿನಿಂದ ಅತ್ತಿಗೆ ಹಣ್ಣು ಬೇಡವೆಂದಳು. ಸೀಗಡಿ ತೊಟ್ಟಿಯ ನೀರೇ ಬೇಕು. ಸೊಪ್ಪು ಬರುವುದು, ನೀರು ಹೋಗುವುದು. ಯಜಮಾನರು ಹಿಗ್ಗಿಹೋದರು. ಅವರ ಹುಚ್ಚಿಗೆ ಮೊದಲ ಸಲ ಒಬ್ಬರು ಮರ್ಯಾದೆ ಕೊಟ್ಟಿದ್ದರು.

ತೊಟ್ಟಿಯ ನೀರಿನ ಮೇಲೆ ಒಂದು ಗಿಡ ತೇಲುತ್ತಿತ್ತು. ಚನ್ನಪಟ್ಟಣದಲ್ಲಿ ಇದೇ ಹುಚ್ಚು ಹಿಡಿದ ಅವರ ಗೆಳೆಯರೊಬ್ಬರು ಕೊಟ್ಟದ್ದು. ನಾಣ್ಯದಂಥ ಗುಂಡನೆಯ ಎಲೆ, ಕೆಳಗೆ ಬಿಚ್ಚಿದ ಕೂದಲಿನ ಹಾಗೆ ಬೇರು. ಸೀಗಡಿ ಮರಿಗಳು ಆ ಬೇರಿನೊಳಗೆ ಅವಿತುಕೊಳ್ಳುತ್ತಿದ್ದವು. ನೀರಿನ ಕೊಳಕನ್ನು ಅದು ಕುಡಿದುಬಿಡುತ್ತದಂತೆ, ಅದಕ್ಕೇ ಸೀಗಡಿ ಸಾಕುವವರೆಲ್ಲ ಅದನ್ನು ಇಟ್ಟುಕೊಳ್ಳುತ್ತಾರಂತೆ. ಅದರ ಪರದೇಶದ ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ, ನಾನು ತೇಲುಸೊಪ್ಪು ಎಂದೆ. ವಾರಕ್ಕೊಂದು ಸಲ ತೊಟ್ಟಿಯ ಮೇಲೆಲ್ಲ ಮುಚ್ಚಿಕೊಳ್ಳುತ್ತಿತ್ತು. ಯಜಮಾನರು ಹಿಡಿ ಹಿಡಿಯಾಗಿ ತೆಗೆದು ಎಸೆಯುತ್ತಿದ್ದರು.

"ಈ ಸೊಪ್ಪೂ ಎಸೀತೀರಾ?" ಎಂದಳು ಅತ್ತಿಗೆ.

"ಗೊಬ್ಬರಕ್ಕೆ ಒಳ್ಳೇದು" ಎಂದರು ಇವರು. ಅದೂ ಬಕೆಟ್ಟಿಗೆ ಬಿತ್ತು. ನಾನು ಮುಚ್ಚಳ ಒತ್ತಿ ಕೊಟ್ಟೆ. ಬಸ್ಸು ಹತ್ತಿಸಿ ಬಂದೆ.

ಅತ್ತಿಗೆಯ ಕುಂಟೆಯ, ಅಂದರೆ ತೋಟದ ಪುಟ್ಟ ಕೊಳದ, ಬಗ್ಗೆ ಈಗ ಹೇಳಬೇಕು. ಅವಳದ್ದು ಎಂದು ಏಕೆ ಹೇಳುತ್ತೇನೆ ಎಂದರೆ, ಮದುವೆಯಾಗಿ ಬಂದಾಗ ಅದು ಕುಂಟೆಯೇ ಆಗಿರಲಿಲ್ಲ. ತೋಟದ ಮೇಲ್ಗಡೆ ಬಂಡೆಯಿಂದ ಇಳಿದ ಮಳೆ ನೀರು ನಿಲ್ಲುವ ಒಂದು ಹೂಳಿನ ಗುಂಡಿ, ಎಮ್ಮೆ ಹೊರಳುವ ಜಾಗ. ಅಣ್ಣ ಬೋರು ಕೊರೆಸುವ ಮಾತಾಡುತ್ತಿದ್ದಾಗ ಇವಳು ಸೆರಗು ಸಿಕ್ಕಿಸಿ ಹೂಳು ಎತ್ತಿದಳು. ಬೇಸಿಗೆ ಬೇಸಿಗೆಗೂ ಎತ್ತಿದಳು. ತಳದಲ್ಲಿ ಬಂಡೆಯ ಬಿರುಕಿನಿಂದ ಸಣ್ಣದೊಂದು ಜಲ ಸಿಕ್ಕಿತು. ಆಮೇಲೆ ಅದು ಬತ್ತಲಿಲ್ಲ. ಮೇಲಿನ ತೋಟದ ಸೊಪ್ಪೆಲ್ಲ ಆ ನೀರಿನದು. ಹಸುಗಳು ಕುಡಿಯುವುದು ಅಲ್ಲಿ, ಅವಳು ಕಾಲು ತೊಳೆದು ಮನೆಗೆ ಬರುವುದು ಅಲ್ಲಿಂದ. ಸಣ್ಣ ಮೀನು, ಕಪ್ಪೆ, ಒಂದು ಜೊತೆ ನೀರುಕೋಳಿ. ಆಸ್ತಿ ಪಾಲಿನ ಮಾತು ಬಂದಾಗೊಮ್ಮೆ ಅವಳು ನನಗೆ ಹೇಳಿದ್ದಳು: "ಹೊಲ ಗದ್ದೆ ನಿಮ್ಮಣ್ಣಂದು, ನಿಂದೂ ಆಯ್ತದೆ. ಕುಂಟೆ ಮಾತ್ರ ನಂದು ಕಣವ್ವ." ನಾವಿಬ್ಬರೂ ನಕ್ಕಿದ್ದೆವು, ಆದರೆ ಅವಳು ತಮಾಷೆಗೆ ಹೇಳಿದ್ದಲ್ಲ.

ತೊಟ್ಟಿಯ ನೀರನ್ನು ಅವಳು ಬುಡಬುಡಕ್ಕೆ ಹಾಕುತ್ತಿದ್ದಳು. ತೇಲುಸೊಪ್ಪನ್ನು ತಿಪ್ಪೆಗೆ ಎಸೆಯುತ್ತಿದ್ದಳು. ಅದರಲ್ಲೇನೂ ತಪ್ಪಿರಲಿಲ್ಲ. ಆಮೇಲೆ ಬಕೆಟ್ಟನ್ನು ಕುಂಟೆಯಲ್ಲಿ ಅದ್ದಿ ತೊಳೆದು ಕವುಚಿ ಇಡುತ್ತಿದ್ದಳು. ಬಕೆಟ್ಟಿನ ಅಂಚಿಗೆ ಅಂಟಿಕೊಂಡ ಒಂದೆರಡು ಎಲೆ ಯಾರ ಕಣ್ಣಿಗೆ ಕಾಣುತ್ತದೆ? ಪಾತ್ರೆ ತೊಳೆಯದೆ ಇಡುವ ಹೆಣ್ಣಾಗಿದ್ದರೆ ಕುಂಟೆ ಉಳಿಯುತ್ತಿತ್ತು.

ಮೊದಲು ಅವಳಿಗೆ ಖುಷಿಯೇ ಆಗಿತ್ತು. ಫೋನಿನಲ್ಲಿ ಹೇಳಿದಳು: "ನಿಮ್ಮನೆ ಸೊಪ್ಪು ಕುಂಟೆ ಮೂಲೇಲಿ ಬಂದೈತೆ ಕಣವ್ವ, ಹೂವಿನಂಗೆ ಚಂದಾಗೈತೆ." ನಾನು ಯಜಮಾನರಿಗೆ ಹೇಳಿದೆ. ಅವರ ಮುಖ ಸ್ವಲ್ಪ ಬಿಳಿಚಿದ್ದನ್ನು ನೋಡಿದೆ. "ತೆಗೆದುಬಿಡೋಕೆ ಹೇಳು" ಎಂದರು. ಹೇಳಿದೆ. ಅಷ್ಟೊತ್ತಿಗೆ ಅವಳ ಹುಳು ಕೊನೆಯ ಜ್ವರದಿಂದ ಎದ್ದಿದ್ದವು. ಆ ದಿನಗಳಲ್ಲಿ ಹುಳು ಸಾಕುವವರು ತಮ್ಮ ತಲೆ ಬಾಚುವುದಿಲ್ಲ. ಕಡಿದು ತಂದ ಸೊಪ್ಪು ಹಾಕುತ್ತಿದ್ದಂತೆ ಮುಗಿಯುತ್ತದೆ. ಹುಳು ಗೂಡು ಕಟ್ಟಿದ ಮೇಲೆ ಅದನ್ನು ಬಿಡಿಸಿ ಮಾರಿ ಬಂದು ಕುಂಟೆಯ ಕಡೆ ತಿರುಗಿ ನೋಡಿದಾಗ ಅರ್ಧ ನೀರು ಕಾಣುತ್ತಿರಲಿಲ್ಲ.

ನಾವಿಬ್ಬರೂ ಹೋದೆವು. ಯಜಮಾನರು ಅಂಗಡಿಯಿಂದ ಬಲೆ ತಂದಿದ್ದರು. ಹಳೇ ಸೀರೆಯನ್ನು ಎರಡು ಕಡೆ ಹಿಡಿದು ನಾನೂ ಅತ್ತಿಗೆಯೂ ಎಳೆದೆವು. ದಡದ ಮೇಲೆ ಹಸಿರು ರಾಶಿ ಬಿತ್ತು. ಬೆನ್ನು ಬಿದ್ದುಹೋಗುವ ತನಕ ಎಳೆದು, ನೀರು ಕಂಡು, ಮೂವರೂ ಕೂತು ಮಜ್ಜಿಗೆ ಕುಡಿದೆವು. ಮುಂದಿನ ಸಲ ಹೋದಾಗ ಮೊದಲಿಗಿಂತ ದಟ್ಟವಾಗಿತ್ತು. ಒಂದು ಎಲೆ ಉಳಿದರೂ ಅದು ಬಳ್ಳಿ ಬಿಟ್ಟು ಇನ್ನೊಂದಾಗುತ್ತದೆ. ಮೇಲೆ ಮುಚ್ಚಿದ್ದರಿಂದ ಕೆಳಗೆ ಬಿಸಿಲಿಲ್ಲದೆ ನೀರು ಕಪ್ಪಾಗಿ ನಾರತೊಡಗಿತು. ಹಸು ಮೂತಿ ಇಟ್ಟು, ಉಸಿರು ಬಿಟ್ಟು, ಹಿಂದಕ್ಕೆ ಸರಿಯುತ್ತಿತ್ತು. ಮೋಟರಿನ ತಳದ ಜಾಲರಿಗೆ ಬೇರು ಸಿಕ್ಕಿ ನೀರು ಏರುತ್ತಿರಲಿಲ್ಲ. ಯಜಮಾನರು ಹೊಸ ಜಾಲರಿ ಹಾಕಿಕೊಟ್ಟರು. ಅವರಿಂದ ಆದದ್ದು ಅಷ್ಟೇ. ಊರಿಗೆಲ್ಲ ಪಂಪು ರಿಪೇರಿ ಮಾಡುವ ಮನುಷ್ಯ ಆ ದಡದಲ್ಲಿ ಕೈ ಕಟ್ಟಿ ನಿಂತಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಆಮೇಲೆ ಅತ್ತಿಗೆ ಮಾಡಿದ್ದನ್ನು ಹುಳು ಸಾಕುವವರಲ್ಲದೆ ಬೇರೆ ಯಾರೂ ಮಾಡಲಾರರು. ಹುಳು ಮನೆಗೆ ರೋಗ ಬಂದರೆ ಅವರಿಗೆ ಗೊತ್ತಿರುವ ಮದ್ದು ಒಂದೇ: ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ. ಪ್ರತಿ ಬೆಳೆ ಮುಗಿದ ಮೇಲೂ ಗೋಡೆ, ನೆಲ, ತಟ್ಟೆ, ಎಲ್ಲವನ್ನೂ ಅದರಲ್ಲಿ ತೊಳೆಯುತ್ತಾರೆ. ರೋಗದ ಹುಳುವನ್ನು ಅದರಲ್ಲೇ ಮುಳುಗಿಸುತ್ತಾರೆ. ಅವರ ಮನೆಗಳಲ್ಲಿ ಅಗರಬತ್ತಿಗಿಂತ ಆ ಪೌಡರಿನ ವಾಸನೆಯೇ ಹೆಚ್ಚು. ಅದರ ಮೇಲೆ ಅವರಿಗೆ ದೇವರ ಮೇಲಿನಷ್ಟೇ ನಂಬಿಕೆ. ಅತ್ತಿಗೆಗೆ ಕುಂಟೆಯೂ ಒಂದು ಹುಳು ಮನೆಯಂತೆ ಕಂಡಿತು. ಚೀಲದಲ್ಲಿ ಉಳಿದಿದ್ದ ಪೌಡರನ್ನೆಲ್ಲ ಸುಣ್ಣದ ಜೊತೆ ಕಲಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಡ ಸುತ್ತಿ ಎರಚಿದಳು. ಯಾರನ್ನೂ ಕೇಳಲಿಲ್ಲ. ಕೇಳಲು ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಮಾರನೆಯ ದಿನ ಫೋನು ಬಂತು. ಅವಳು ಅಳುತ್ತಿರಲಿಲ್ಲ, ಬರೀ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. "ಮೀನೆಲ್ಲ ಮೇಲಕ್ಕೆ ಬಂದ್ಬುಟ್ಟವೆ ಕಣವ್ವ. ಮೀನೆಲ್ಲ ಬಂದ್ಬುಟ್ಟವೆ."

ಹೋಗಿ ನೋಡಿದೆ. ತೇಲುಸೊಪ್ಪು ಕಂದಿ ಕೊಳೆತ ಕಾಗದದ ಹಾಗಾಗಿತ್ತು. ಅದರ ನಡುನಡುವೆ ಮೀನುಗಳ ಬಿಳಿ ಹೊಟ್ಟೆ. ಕಪ್ಪೆಗಳು ದಡಕ್ಕೆ ಹತ್ತಲು ಬಂದು ಕೈ ಚಾಚಿದಲ್ಲೇ ಸತ್ತಿದ್ದವು. ನೀರುಕೋಳಿ ಇರಲಿಲ್ಲ. ವಾಸನೆ ಮಾತ್ರ ಗೂಡು ಬಿಡಿಸಿದ ಮೇಲಿನ ಹುಳು ಮನೆಯದ್ದೇ, ಶುಭ್ರವಾದ ವಾಸನೆ. ಇಲಿ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಹಚ್ಚಿದರಂತೆ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು, ಆದರೆ ಜ್ವರ ತಂದವರು ನಾವು. ಅವಳು ಸತ್ತ ಮೀನುಗಳನ್ನು ತಿಪ್ಪೆಗೆ ಹಾಕಲಿಲ್ಲ. ಏನನ್ನೂ ದಂಡ ಮಾಡದೆ ತಿಪ್ಪೆಗೋ ತೋಟಕ್ಕೋ ಹಾಕುವ ಹೆಣ್ಣು, ಅಂದು ಗುಂಡಿ ತೋಡಿ ಹೂತು ಮೇಲೆ ಕಲ್ಲಿಟ್ಟಳು.

ತೇಲುಸೊಪ್ಪಂತೂ ಹೋಯಿತಲ್ಲ ಎಂಬ ಸಮಾಧಾನ ಒಂದೇ ಉಳಿದಿತ್ತು. ಬಿಸಿಲು ಬಿದ್ದು ನೀರು ತಿಳಿಯಾಯಿತು. ತಳದ ಬಂಡೆ ಕಾಣುತ್ತಿತ್ತು. ಯಾವ ಜೀವವೂ ಇಲ್ಲದ ನೀರು ಅಷ್ಟು ತಿಳಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಂಗಾರಿಗೆ ಮುಂಚಿನ ಮಳೆ ಎರಡು ಸಲ ಬಿತ್ತು. ತಳದ ಕೆಸರಿನಲ್ಲಿ ಅದರ ಬೀಜ ಬಿದ್ದಿತ್ತೋ, ದಡದ ಹುಲ್ಲಿನಲ್ಲಿ ಒಂದು ಎಲೆ ಬದುಕಿತ್ತೋ, ಶಿವನೇ ಬಲ್ಲ. ಚುಕ್ಕಿ ಚುಕ್ಕಿಯಾಗಿ ಮೇಲೆ ಬಂತು. ಮೀನಿಲ್ಲ, ಕಪ್ಪೆಯಿಲ್ಲ, ತಿನ್ನುವವರು ಕೆದಕುವವರು ಯಾರೂ ಇಲ್ಲ. ಈ ಸಲ ಅದಕ್ಕೆ ರಾಜ್ಯವೇ ಸಿಕ್ಕಿತ್ತು.

ಅದು ಮತ್ತೆ ಚಿಗುರಿದ್ದನ್ನು ನೋಡಿದ ದಿನ ಮನೆಗೆ ಬಂದು ನಾನು ಯಜಮಾನರ ಮೇಲೆ ಹರಿಹಾಯ್ದೆ. ತೊಟ್ಟಿ ಮನೆಯಲ್ಲಿದ್ದರೆ ನಾನಿರುವುದಿಲ್ಲ ಎಂದೆ. ವಾರದೊಳಗೆ ತೊಟ್ಟಿ ಹೋಯಿತು. ಎಲ್ಲಿಗೆ ಎಂದು ಕೇಳಿದೆ. ಮಾಗಡಿಯ ಒಬ್ಬರು ಬಂದು ಸೀಗಡಿ, ಮಣ್ಣು, ದೀಪ, ಗಿಡ ಎಲ್ಲ ಸೇರಿಸಿ ತೆಗೆದುಕೊಂಡು ಹೋದರಂತೆ.

"ಗಿಡಾನೂ ಕೊಟ್ರಾ?"

"ಹೇಳಿ ಕೊಟ್ಟಿದ್ದೀನಿ. ಕೆರೆಗೆ ಬಿಡಬೇಡಿ ಅಂತ ಹೇಳಿದೀನಿ."

"ನಿಮಗೆ ಯಾರೂ ಹೇಳಿರಲಿಲ್ವಾ?"

ತೊಟ್ಟಿ ಇದ್ದ ಜಾಗದಲ್ಲಿ ಗೋಡೆಯ ಮೇಲೆ ಚೌಕಾಕಾರದ ಕಲೆ ಉಳಿಯಿತು. ತಾರಸಿಯ ಥರ್ಮೋಕೋಲ್ ಡಬ್ಬಗಳು ಇವತ್ತಿಗೂ ಅಲ್ಲೇ ಇವೆ. ಮಾಗಡಿಯವರಿಗೆ ಅವು ಬೇಡವಾಗಿದ್ದವು.

ಮಳೆಗಾಲದಲ್ಲಿ ಅತ್ತಿಗೆಯ ಕುಂಟೆ ಕೋಡಿ ಬೀಳುತ್ತದೆ. ತುಂಬಿ ಹೊರಬಿದ್ದ ನೀರು ತೋಟದ ಬದಿಯಲ್ಲಿ ಇಳಿದು ಹಳ್ಳ ಸೇರುತ್ತದೆ, ಹಳ್ಳ ಮುಂದೆ ಅರ್ಕಾವತಿಗೆ, ಅಲ್ಲಿಂದ ಕನಕಪುರದ ಕಡೆಗೆ. ಹಳ್ಳದ ಪಕ್ಕದ ತಗ್ಗಿನ ಹೊಲದವರೊಬ್ಬರು ಒಂದು ಸಂಜೆ ಅಣ್ಣನ ಮನೆಗೆ ಬಂದು ಜಗುಲಿಯಲ್ಲಿ ಕೂತರು. ಜಗಳಕ್ಕೆ ಬಂದವರಲ್ಲ. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಏಳುವಾಗ ಹೇಳಿದರು: "ಈ ಸಲ ಕೋಡಿ ಬಿದ್ರೆ ಅದು ನಮ್ಮ ಕಡೀಕೂ ಬತ್ತದಲ್ವಾ ತಾಯಿ. ನಮ್ಮ ದನಾನೂ ಅದೇ ಹಳ್ಳದಲ್ಲೇ ಕುಡೀಬೇಕು." ಅಷ್ಟೇ. ಬೈದಿದ್ದರೆ ಅತ್ತಿಗೆ ತಿರುಗಿ ಬೈದು ಹಗುರಾಗುತ್ತಿದ್ದಳು.

ಮಳೆ ಹಿಡಿಯುವ ಮೊದಲು ಕುಂಟೆ ಮುಚ್ಚಿಸಿಬಿಡುತ್ತೇನೆ ಎಂದು ಅವಳೇ ನಿರ್ಧಾರ ಮಾಡಿದಳು. ಅಣ್ಣ ಬೇಡವೆಂದ. ಮೇಲಿನ ತೋಟಕ್ಕೆ ನೀರಿಲ್ಲ, ಸೊಪ್ಪಿನ ಗಿಡ ಕೀಳಬೇಕಾಗುತ್ತದೆ, ಬೆಳೆ ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕ ಹೇಳಿದ. "ಗೊತ್ತು" ಎಂದಳಂತೆ. ನನಗೆ ಫೋನು ಮಾಡಿ "ನಾಳೆ ಜೇಸಿಬಿ ಬತ್ತದೆ, ಬತ್ತೀಯಾ?" ಎಂದಳು, ಮದುವೆಗೆ ಕರೆದ ಹಾಗೆ.

ಬೆಳಿಗ್ಗೆಯ ಬಸ್ಸಿಗೆ ಹೋದೆ. ಊರ ಹೊರಗೆ ಹಳ್ಳಕ್ಕೆ ಒಂದು ಸಣ್ಣ ಸೇತುವೆ. ಅದರ ಮೇಲೆ ನಡೆಯುವಾಗ ಕೆಳಗೆ ನೋಡಿದೆ. ನೋಡಬಾರದಿತ್ತು. ಕಲ್ಲಿನ ಮರೆಯಲ್ಲಿ ನಿಂತ ನೀರಿನ ಮೇಲೆ ನಾಣ್ಯದಂಥ ಎಲೆಗಳು ಒಂದಕ್ಕೊಂದು ಬಳ್ಳಿ ಹಿಡಿದು ಕೂತಿದ್ದವು. ಒಂದೆರಡಲ್ಲ. ಮುಂಚಿನ ಮಳೆಗೋ, ದನದ ಕಾಲಿಗೆ ಅಂಟಿಯೋ, ನಾವೇ ಎಳೆದು ಹಾಕಿದ್ದ ರಾಶಿಯಿಂದಲೋ, ಅದು ಆಗಲೇ ಇಳಿದು ಬಂದಿತ್ತು. ಕುಂಟೆಯ ಕಡೆಗೆ ಓಡಿದೆ. ಇನ್ನು ಕುಂಟೆ ಮುಚ್ಚಿ ಉಪಯೋಗವಿಲ್ಲ, ಅದನ್ನಾದರೂ ಉಳಿಸಬಹುದು, ಬಲೆ ಹಿಡಿದು ವರ್ಷವೆಲ್ಲ ಎಳೆಯುತ್ತಲೇ ಇರಬಹುದು ಎಂದುಕೊಂಡೆ.

ಜೇಸಿಬಿ ಬಂದು ನಿಂತಿತ್ತು. ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಅತ್ತಿಗೆ ಒಬ್ಬಳೇ ದಡದಲ್ಲಿದ್ದಳು. ಅಣ್ಣ ಹಾಲು ಹಾಕಿ ಬರುತ್ತೇನೆ ಎಂದು ಹೋದವನು ಬಂದಿರಲಿಲ್ಲ. ಬರುವುದೂ ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ನಿಲ್ಸು" ಎಂದೆ, ಏದುಸಿರು ಬಿಡುತ್ತಾ. "ಹಳ್ಳದಲ್ಲಿ ಅದು ಆಗಲೇ ಐತೆ. ಸೇತುವೆ ಕೆಳಗೆ ನೋಡ್ಕೊಂಡು ಬಂದೆ. ಮುಚ್ಚಿ ಏನೂ ಪ್ರಯೋಜನ ಇಲ್ಲ. ಗಾಡಿ ವಾಪಸ್ ಕಳ್ಸು."

"ನಾನೂ ನೋಡಿವ್ನಿ ಕಣವ್ವ" ಎಂದಳು. "ಮೊನ್ನೆನೇ ನೋಡ್ದೆ."

"ಮತ್ತೆ ಇದ್ಯಾಕೆ?"

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೋಗಿದ್ದು ಹೋಯ್ತು. ನಂಗೆ ಗೊತ್ತಿಲ್ದೆ ಹೋಯ್ತು. ಇನ್ಮೇಕೆ ಹೋಗೋದು ಗೊತ್ತಿದ್ದೂ ಹೋಗೋದಲ್ವಾ? ನನ್ ಕುಂಟೆಯಿಂದ ಬ್ಯಾಡ."

ಚಪ್ಪಲಿ ಬಿಟ್ಟು ನೀರಿಗೆ ಇಳಿದಳು. ಎರಡು ಕೈಯಿಂದ ಎಲೆ ಸರಿಸಿ ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡಳು, ತಲೆಗೆ ಚಿಮುಕಿಸಿಕೊಂಡಳು. ಆಮೇಲೆ ಹತ್ತಿ ಬಂದು ಗಾಡಿಯವನಿಗೆ "ಹಾಕಪ್ಪ" ಎಂದಳು.

ಮೊದಲ ಸಲ ಮಣ್ಣು ಬಿದ್ದಾಗ ನೀರು ಉಕ್ಕಿ ದಡ ಮೀರಿ ನಮ್ಮ ಕಾಲಿನ ತನಕ ಬಂತು. ಅದರ ಜೊತೆ ತೇಲುಸೊಪ್ಪೂ ಬಂದು ಹುಲ್ಲಿನ ಮೇಲೆ ಹರಡಿತು, ಸ್ವಲ್ಪ ಕೋಡಿಯ ಕಡೆಗೂ ಜಾರಿತು. ಅತ್ತಿಗೆ ಬಗ್ಗಿ ಒಂದೊಂದೇ ಎಲೆ ಆರಿಸಿ ಮಣ್ಣು ಬೀಳುತ್ತಿದ್ದ ಕಡೆಗೆ ಎಸೆಯತೊಡಗಿದಳು. ನಾನೂ ಬಗ್ಗಿದೆ. ಗಾಡಿ ಇನ್ನೊಂದು ಸಲ ಸುರಿಯಿತು, ನೀರು ಮತ್ತೆ ಬಂತು.